ಒರೆಸಿದ ಮೇಲೆ ಉಳಿಯುವ ಎಣ್ಣೆ

ಕಳೆದ ತಿಂಗಳು ಬಟವಾಡಿಯ ಔಷಧಿ ಅಂಗಡಿಯ ಮುಂದೆ ಆಟೋಗೆ ಕಾಯುತ್ತಿದ್ದೆ. ನಮ್ಮ ಹಳೆಯ ಆಸ್ಪತ್ರೆಯ ಕಾಂಪೌಂಡರು ಎದುರಾದರು. ಅವರ ಕೈಗೂ ಈಗ ಕೋಲು ಬಂದಿದೆ. ಅದೂ ಇದೂ ಮಾತಾಡಿದ ಮೇಲೆ, "ಇನ್‌ಸ್ಪೆಕ್ಟ್ರು ಹೋಗ್ಬಿಟ್ರಂತೆ ಸಿಸ್ಟರ್, ಕುಣಿಗಲ್‌ನಲ್ಲಿ. ಮಲಗಿದ್ದೋರು ಬೆಳಿಗ್ಗೆ ಏಳ್ಲೇ ಇಲ್ವಂತೆ" ಎಂದರು. ನನಗೆ ಮೊದಲು ಬಂದದ್ದು ಅಳುವಲ್ಲ. ಸದ್ಯ, ಹೆದರುವುದಕ್ಕೆ ಅವರಿಗೆ ಹೊತ್ತು ಸಿಗಲಿಲ್ಲವಲ್ಲ ಎಂದುಕೊಂಡೆ.

ಅವರಷ್ಟು ಹೆದರುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಯಾವ ಕಾಗದದ ಮೇಲೆ ತಮ್ಮ ಹೆಸರು ಕಂಡರೂ, ಅದು ಮದುವೆಯ ಕರೆಯೋಲೆಯೇ ಆಗಿರಲಿ, ಅವರ ಮುಖ ಬಿಳಿಚಿಕೊಳ್ಳುತ್ತಿತ್ತು.

ಎಪ್ಪತ್ತರ ದಶಕದಲ್ಲಿ ನಾನು ಗುಬ್ಬಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಹೆರಿಗೆ ನರ್ಸು, ಅವರು ಹೆಲ್ತ್ ಇನ್‌ಸ್ಪೆಕ್ಟರು. ಊರೂರಿನ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಹಾಕಿಸುವುದು, ಜ್ವರ ಬಂದವರ ರಕ್ತ ಪರೀಕ್ಷೆಗೆ ತರುವುದು, ದನಾಕರು ತೊಳೆಯುವ ಕಟ್ಟೆಯಲ್ಲಿ ಕುಡಿಯುವ ನೀರು ಹಿಡಿಯಬೇಡಿ ಎಂದು ಬೈಸಿಕೊಂಡು ಬರುವುದು ಅವರ ಕೆಲಸ. ಓಡಾಟಕ್ಕೆ ಅಂತ ಇಲಾಖೆ ಒಂದು ಹಳೆಯ ಮೋಟಾರ್ ಬೈಕ್ ಕೊಟ್ಟಿತ್ತು. ಯಾರ ಯಾರ ಕೈ ದಾಟಿ ಬಂದಿತ್ತೋ, ಅದರ ಚೈನಿಗೆ ಮೇಲುಗಡೆ ಮಾತ್ರ ಅರ್ಧ ಮುಚ್ಚಳ ಉಳಿದಿತ್ತು. ಕೆಳಗಿನದು ಎಲ್ಲೋ ಬಿದ್ದುಹೋಗಿತ್ತು.

ಬೆಂಚಿನ ಮೇಲೆ ಕೂರುವ ಮೊದಲು ಕೈಯಲ್ಲಿ ಅದುಮಿ ನೋಡುತ್ತಿದ್ದರು. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಗುಬ್ಬಿ ಪೇಟೆಯಲ್ಲಿ ಆಗ ಒಂದು ಲಾರಿ ಹೋದರೆ ಇನ್ನೊಂದಕ್ಕೆ ಕಾಯಬೇಕಿತ್ತು. ಅಂಥ ರಸ್ತೆಯನ್ನೂ ಅವರು ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿ ದಾಟುತ್ತಿದ್ದರು. ಗುಡುಗು ಬಂದರೆ ಮಾತು ನಿಲ್ಲಿಸಿಬಿಡುತ್ತಿದ್ದರು. ಮುಗಿದ ಮೇಲೆ ಬಿಟ್ಟ ಮಾತನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು. ಆಸ್ಪತ್ರೆಯವರೆಲ್ಲ ನಗುತ್ತಿದ್ದರು. ಅವರೂ ನಗುತ್ತಿದ್ದರು. "ನಗ್ರಿ, ನಗ್ರಿ. ಹೆದರಿಕೆ ಇದ್ದೋನು ಮನೆಗೆ ಬರ್ತಾನೆ" ಎನ್ನುತ್ತಿದ್ದರು.

ಆದರೆ ಎಲ್ಲಕ್ಕಿಂತ ಹೆಚ್ಚು ಅವರು ಹೆದರುತ್ತಿದ್ದದ್ದು ಆ ಬೈಕಿನ ಚೈನಿಗೆ.

ನಮ್ಮ ಮನೆಗಳು ಒಂದೇ ವಠಾರದಲ್ಲಿದ್ದವು. ನನ್ನ ಯಜಮಾನರು ತುಮಕೂರಿನಲ್ಲಿ ಮೇಷ್ಟ್ರು, ಭಾನುವಾರ ಬಂದು ಹೋಗುತ್ತಿದ್ದರು. ಶನಿವಾರ ಸಂಜೆ ನಾನು ಅಕ್ಕಿ ನೆನೆಹಾಕಿ ಅಂಗಳಕ್ಕೆ ಬಂದರೆ ಇನ್‌ಸ್ಪೆಕ್ಟರು ಬೈಕನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ ಅದರ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಪಕ್ಕದಲ್ಲಿ ಸೀಮೆಎಣ್ಣೆಯ ಬಟ್ಟಲು, ಹಲ್ಲುಜ್ಜಿ ಹಳೆಯದಾದ ಬ್ರಷ್ಷು, ಸಣ್ಣ ಸಣ್ಣ ಸೀಸೆಗಳು, ಹಳೆ ಸೀರೆಯ ತುಂಡುಗಳು. ಮೊದಲು ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ಒಂದೊಂದೇ ಕೊಂಡಿಯ ಕೊಳೆ ತೆಗೆಯುತ್ತಿದ್ದರು. ಆಮೇಲೆ ಒಣಬಟ್ಟೆ. ಆಮೇಲೆ ಎಣ್ಣೆ.

ಒಂದು ಸಲ, ಯಾವ ಎಣ್ಣೆಯಾದರೇನು, ಎಲ್ಲ ಜಾರುವುದೇ ಅಲ್ಲವೇ ಎಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಮಗುವಿನ ಕೈಯಲ್ಲಿ ಕತ್ತರಿ ಕಂಡವರ ಹಾಗೆ.

"ಹಂಗನ್ಬೇಡಿ ಸಿಸ್ಟರ್. ಹೊಲಿಗೆ ಮಿಷನ್ ಎಣ್ಣೆ ಇದೆಯಲ್ಲ, ಅದು ನೀರಿದ್ದಂಗೆ. ಗಾಲಿ ತಿರುಗಿದ ತಕ್ಷಣ ಹಾರಿ ಹೋಗ್ತದೆ. ಗ್ರೀಸು ಹಚ್ಚಿದ್ರೋ, ಮೇಲೇ ಕೂತ್ಕೊಂಡು ರೋಡಿನ ಧೂಳೆಲ್ಲ ಹಿಡ್ಕೊಂತದೆ, ಒಳಗಡೆ ಪಿನ್ನು ಒಣಗೇ ಇರ್ತದೆ. ಇನ್ನು ಇಂಜಿನ್‌ನಿಂದ ಇಳಿಸಿದ ಕರೀ ಎಣ್ಣೆ ಸುರೀತಾರೆ ಕೆಲವರು. ಅದರಲ್ಲಿ ಕಬ್ಬಿಣದ ಪುಡಿ ಇರ್ತದೆ. ಮರಳು ಹಾಕಿ ಉಜ್ಜಿದಂಗೆ. ನಾನು ಹಾಕೋದು ಗೇರ್ ಎಣ್ಣೆ. ಸ್ವಲ್ಪ ಗಟ್ಟಿ, ನಿಧಾನಕ್ಕೆ ಒಳಗೆ ಇಳೀತದೆ."

ಎಣ್ಣೆಯನ್ನು ಚೈನಿನ ಒಳಮೈಗೆ, ಕೊಂಡಿ ಕೊಂಡಿಯ ಸಂದಿಗೆ ತೊಟ್ಟು ಬಿಡುತ್ತಿದ್ದರು. ಗಾಲಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು. ಇಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬಟ್ಟೆ ಒಯ್ದು ಬೆರಳು ಕಳೆದುಕೊಂಡ ಮೆಕ್ಯಾನಿಕ್ ಒಬ್ಬ ಗುಬ್ಬಿ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ. ಅವನ ಅಂಗಡಿಯ ಮುಂದೆ ಹೋಗುವಾಗ ಇನ್‌ಸ್ಪೆಕ್ಟರು ತಮ್ಮ ಕೈಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಎಣ್ಣೆ ಹಾಕಿ ಹಾಗೇ ಬಿಟ್ಟು ಊಟಕ್ಕೆ ಹೋಗುತ್ತಿದ್ದರು. ಭಾನುವಾರ ಬೆಳಿಗ್ಗೆ ಎದ್ದು ಒರೆಸಲು ಶುರುಮಾಡುತ್ತಿದ್ದರು. ಹಾಕಿದ ಎಣ್ಣೆಯನ್ನು ಅಷ್ಟು ಹೊತ್ತು ಒರೆಸಿ ತೆಗೆಯುವುದನ್ನು ನೋಡಿ ನನ್ನ ಯಜಮಾನರಿಗೆ ನಗು ಬರುತ್ತಿತ್ತು. "ಹಾಕೋದ್ಯಾಕೆ, ತೆಗೆಯೋದ್ಯಾಕೆ ಸಾರ್?" ಎಂದು ಒಮ್ಮೆ ಕೇಳಿಯೂಬಿಟ್ಟರು.

"ಒರೆಸಿದ ಮೇಲೆ ಒಳಗೆ ಉಳೀತದಲ್ಲ ಮೇಷ್ಟ್ರೇ, ಅಷ್ಟೇ ಎಣ್ಣೆ. ಹೊರಗಿರೋದೆಲ್ಲ ಅಪಾಯ" ಎಂದರು ಅವರು, ತಲೆಯೆತ್ತದೆ.

ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕನ ಎಡಗಾಲು ಸೊಟ್ಟ. ಮೊಣಕಾಲಿನ ಕೆಳಗೆ ಮೂಳೆ ಮುರಿದು ಓರೆಯಾಗಿ ಕೂಡಿಕೊಂಡಿತ್ತು. ಗೋಡೆ ಹಿಡಿದು ನಡೆಯುತ್ತಿದ್ದರು. ಮೋಡ ಕವಿದ ದಿನ ಅವರಿಗೆ ನೋವು. ಅಂಥ ಒಂದು ಮಧ್ಯಾಹ್ನ ಮಾತ್ರೆ ಕೊಡಲು ಹೋದಾಗ ಅವರೇ ಬಾಯಿಬಿಟ್ಟರು.

"ಆಗ ಇವರು ಹಿಂಗಿರ್ಲಿಲ್ಲ ಸಿಸ್ಟರ್. ಭಾಳ ಜೋರು. ಮದುವೆಯಾದ ಹೊಸದು, ದೇವರಾಯನದುರ್ಗಕ್ಕೆ ಹೋಗಾಣ ಅಂದ್ರು. ಸ್ನೇಹಿತರದ್ದು ಬೈಕ್ ತಂದ್ರು. ಚೈನು ಕಿರ್ ಅಂತಿತ್ತು. ಹೊಸ ಹೆಂಡ್ತಿ ಕೂತಿರೋವಾಗ ಸದ್ದು ಬರಬಾರ್ದು ಅಂತ ಹೊರಡೋ ಮುಂಚೆ ಎಣ್ಣೆ ಸುರಿದ್ರು. ಸುರಿದ್ರು ಅಂದ್ರೆ, ಸುರಿದೇ ಬಿಟ್ರು. ಒರೆಸಲಿಲ್ಲ. ಹತ್ತೋವಾಗ ಚೆನ್ನಾಗೇ ಹೋಯ್ತು. ದರ್ಶನ ಆಯ್ತು. ಇಳಿಯೋವಾಗ ತಿರುವಿನಲ್ಲಿ ಹಿಂದಿನ ಗಾಲಿ ಜಾರ್ತು. ಎಣ್ಣೆಯೆಲ್ಲ ಹಾರಿ ಟೈರಿಗೆ ಮೆತ್ಕೊಂಡಿತ್ತಂತೆ. ನನ್ನ ಸೆರಗು ಹೋಗಿ ಚೈನಿಗೆ ಸಿಕ್ಕೊಳ್ತು. ಅದು ಕಾಲನ್ನ ಎಳ್ಕೊಂತು."

ಅಕ್ಕ ಮೊಣಕಾಲಿನ ಕೆಳಗೆ ಸವರಿಕೊಂಡರು. ಮಾತ್ರೆಯನ್ನು ಅಂಗೈಯಲ್ಲಿ ಹಿಡಿದೇ ಇದ್ದರು.

"ಸೌದೆಗೆ ಬಂದಿದ್ದ ಒಬ್ಬ ಮುದುಕ ಮಚ್ಚಿನಲ್ಲಿ ಸೀರೆ ಕುಯ್ದು ನನ್ನ ಈಚೆಗೆ ತೆಗೆದ. ಇವರಿಗೆ ಕೈ ನಡುಗ್ತಿತ್ತು, ಏನೂ ಮಾಡೋಕಾಗ್ಲಿಲ್ಲ. ಇವರು ಬೀಳೋ ಮುಂಚೆ ಒಬ್ಬ ಮನುಷ್ಯ, ಎದ್ದ ಮೇಲೆ ಇನ್ನೊಬ್ಬ."

ಆ ದಿನದಿಂದ ಅವರು ಯಾವ ಹೆಂಗಸನ್ನೂ ಬೈಕಿನ ಮೇಲೆ ಕೂರಿಸಿಕೊಂಡಿರಲಿಲ್ಲ. ಅಕ್ಕನನ್ನಂತೂ ಇಲ್ಲವೇ ಇಲ್ಲ. ಕ್ಯಾಂಪುಗಳಿಗೆ ನಾನು ಬಸ್ಸಿಗೆ ಕಾದು, ಇಲ್ಲವೇ ನಡೆದು ಹೋಗುತ್ತಿದ್ದೆ. ಅವರು ಅದೇ ಊರಿಗೆ ಹಿಂದಿನ ಸೀಟು ಖಾಲಿ ಇಟ್ಟುಕೊಂಡು ಹೋಗುತ್ತಿದ್ದರು. ಮಡಿವಂತರು ಎಂದು ಕೆಲವರು ಹೊಗಳಿದರು. ನಾನು ವಿಷಯ ಗೊತ್ತಾದ ಮೇಲೆ ಕೇಳುವುದನ್ನೇ ಬಿಟ್ಟೆ. ನನಗೂ ಆ ಸೀಟಿನ ಮೇಲೆ ಕೂರುವ ಆಸೆ ಹೋಗಿತ್ತು. ದಾರಿಯಲ್ಲಿ ಯಾವ ಬೈಕ್ ಪಕ್ಕದಲ್ಲಿ ಹಾದರೂ ಸೆರಗನ್ನು ಎಳೆದು ಹಿಡಿದುಕೊಳ್ಳುತ್ತಿದ್ದೆ.

ಹಾಗಿರುವಾಗ ಮಳೆಗಾಲದ ಒಂದು ದಿನ, ಊಟದ ಹೊತ್ತಿಗೆ, ಒಬ್ಬ ಗಂಡಸು ಸೈಕಲ್ ತುಳಿದುಕೊಂಡು ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಬಿದರೆಹಳ್ಳ ಕಾವಲಿನ ಆಚೆಯ ಒಂದು ಹಳ್ಳಿಯವನು. ಮೈಯೆಲ್ಲ ಕೆಸರು.

"ನರ್ಸಮ್ಮಾರೇ, ನಮ್ಮ ಮನೇವ್ಳಿಗೆ ಮಗ ಆಯ್ತು. ಮಾಸು ಬಿದ್ದಿಲ್ಲ. ರಕ್ತ ಹೋಯ್ತಾನೇ ಅದೆ. ಬಿರ್ನೆ ಬನ್ನಿ, ಸತ್ತೋಯ್ತಾಳೆ."

ಡಾಕ್ಟರು ಜೀಪ್ ತೆಗೆದುಕೊಂಡು ತುಮಕೂರಿಗೆ ಮೀಟಿಂಗಿಗೆ ಹೋಗಿದ್ದರು. ಆ ಕಡೆ ಬಸ್ಸಿದ್ದದ್ದು ಸಂಜೆಗೆ. ಮಾಸು ಬೀಳದೆ ರಕ್ತ ಹೋಗುವ ಬಾಣಂತಿಗೆ ಸಂಜೆಯವರೆಗೆ ಹೊತ್ತಿರುವುದಿಲ್ಲ. ಅಂಥ ಕೇಸನ್ನು ನಾನು ಅಲ್ಲಿಯವರೆಗೆ ಒಬ್ಬಳೇ ನೋಡಿದವಳೂ ಅಲ್ಲ. ಹೆರಿಗೆ ಪೆಟ್ಟಿಗೆಗೆ ಇಂಜೆಕ್ಷನ್ ತುಂಬಿಕೊಂಡು ವಠಾರಕ್ಕೆ ಓಡಿದೆ. ಇನ್‌ಸ್ಪೆಕ್ಟರು ಊಟಕ್ಕೆ ಬಂದಿದ್ದರು.

ವಿಷಯ ಹೇಳಿದೆ. ಅವರು ಎಂಜಲು ಕೈಯಲ್ಲೇ ಎದ್ದು ನಿಂತರು. "ಡಾಕ್ಟರಿಗೆ ಫೋನ್ ಮಾಡಿದ್ರೆ?" ಎಂದರು.

"ಅವರು ಬರೋಷ್ಟರಲ್ಲಿ ಮುಗಿದಿರ್ತದೆ ಸರ್."

"ನಾನೊಬ್ಬನೇ ಹೋಗಿ ಇಂಜೆಕ್ಷನ್ ಕೊಡ್ಲಾ?"

"ಬರೀ ಇಂಜೆಕ್ಷನ್ ಅಲ್ಲ ಸರ್. ಹೊಟ್ಟೆ ಹಿಡಿದು ನೋಡಬೇಕು. ನೀವು ಯಾವತ್ತಾದ್ರೂ ನೋಡಿದೀರಾ?"

ಅವರು ಅಂಗಳದಲ್ಲಿದ್ದ ಬೈಕಿನ ಕಡೆ ನೋಡಿದರು. ಅಡುಗೆ ಮನೆಯ ಬಾಗಿಲಲ್ಲಿ ಅಕ್ಕ ಚೌಕಟ್ಟು ಹಿಡಿದು ನಿಂತಿದ್ದರು.

"ಕೂರಿಸ್ಕೊಂಡು ಹೋಗಿ" ಎಂದರು.

"ನಿನಗೆ ಗೊತ್ತಲ್ಲ."

"ಗೊತ್ತು. ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು. ಕೂರಿಸ್ಕೊಳ್ಳಿ."

ಅಕ್ಕ ಗೋಡೆ ಹಿಡಿದು ನನ್ನ ಹತ್ತಿರ ಬಂದರು. ನಾಟಿ ಮಾಡುವ ಹೆಂಗಸರ ಹಾಗೆ ನನ್ನ ಸೀರೆಯನ್ನು ಎತ್ತಿ ಕಚ್ಚೆ ಹಾಕಿ ಬಿಗಿದರು, ಸೆರಗನ್ನು ಸೊಂಟಕ್ಕೆ ಸುತ್ತಿ ತಮ್ಮ ಬಳೆಯಲ್ಲಿದ್ದ ಪಿನ್ನು ತೆಗೆದು ಚುಚ್ಚಿದರು. "ಎರಡೂ ಕಡೆ ಕಾಲು ಹಾಕ್ಕೊಂಡು ಕೂತ್ಕೊಳ್ಳಿ. ನೋಡೋರು ನೋಡ್ಲಿ" ಎಂದರು. ಅವರ ಬೆರಳು ತಣ್ಣಗಿದ್ದವು.

ಹೊರಟೆವು. ಹೆರಿಗೆ ಪೆಟ್ಟಿಗೆಯನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಎರಡೂ ಕೈಯಲ್ಲಿ ಅವುಚಿಕೊಂಡಿದ್ದೆ. ಕಾಲಿನ ಕೆಳಗೆ ಚೈನು ತಿರುಗುತ್ತಿರುವುದು ಸದ್ದಿನಿಂದಲ್ಲ, ಹಿಮ್ಮಡಿಗೆ ಬರುತ್ತಿದ್ದ ನಡುಕದಿಂದ ತಿಳಿಯುತ್ತಿತ್ತು. ಕಾಲನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅವರು ತಿರುಗಿ ನೋಡದೆಯೇ, "ಸೀರೆ ಇದೆಯಾ ಸಿಸ್ಟರ್? ಬಿಗಿಯಾಗಿದೆಯಾ?" ಎಂದು ಕೇಳುತ್ತಲೇ ಇದ್ದರು. ನಾನು ಇದೆ, ಇದೆ ಎನ್ನುತ್ತಲೇ ಇದ್ದೆ.

ಈಗ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿರುವ ಬಿದರೆಹಳ್ಳ ಕಾವಲಿನಲ್ಲಿ ಆಗ ಇದ್ದದ್ದು ಹುಲ್ಲು, ಕುರಿ, ಗಾಳಿ. ಬಂಡಿ ಜಾಡಿನಲ್ಲೇ ಹೋಗಬೇಕು. ನಡುವೆ ಒಂದು ಹಳ್ಳ ಬಂದಿತ್ತು. ಕೆಂಪು ನೀರು ಗಾಲಿಯ ಅರ್ಧದವರೆಗೆ. ಅವರು ಒಂದು ಕ್ಷಣ ನಿಂತು, ಬಾಯಲ್ಲಿ ಏನೋ ಅಂದುಕೊಂಡು ಇಳಿಸಿಬಿಟ್ಟರು. ದಾಟಿದೆವು. ಆದರೆ ಆಚೆ ದಡ ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಚೈನು ಕರಕರ ಎನ್ನತೊಡಗಿತು. ಹಲ್ಲು ಕಡಿದ ಹಾಗೆ. ನಡುನಡುವೆ ಟಕ್ ಎಂದು ಹಾರಿ ಬೀಳುತ್ತಿತ್ತು.

ಅವರು ಬೈಕ್ ನಿಲ್ಲಿಸಿದರು.

"ಇಳೀರಿ ಸಿಸ್ಟರ್."

"ಸರ್, ಅಲ್ಲಿ ರಕ್ತ ಹೋಗ್ತಿದೆ."

"ಗೊತ್ತು. ಎಣ್ಣೆ ತೊಳೆದು ಹೋಗಿದೆ, ಕೊಂಡಿ ಒಳಗೆ ಮರಳು ಸೇರಿದೆ. ಇದು ಹರಿದು ಗಾಲಿಗೆ ಸುತ್ಕೊಂಡ್ರೆ ಅಲ್ಲಿಗೆ ಹೋಗೋರು ಯಾರು?"

ಸೀಟಿನ ಪಕ್ಕದ ಚೀಲಕ್ಕೆ ಕೈ ಹಾಕಿದರು. ಎಣ್ಣೆ ಸೀಸೆ ಇರಲಿಲ್ಲ. ಊಟದಿಂದ ಎದ್ದು ಬಂದ ಅವಸರದಲ್ಲಿ ಅದು ಮನೆಯ ಜಗಲಿಯಲ್ಲೇ ಉಳಿದಿತ್ತು. ಸುತ್ತ ಒಂದು ಮನೆಯಿಲ್ಲ, ಒಂದು ಮರವಿಲ್ಲ. ಅಲ್ಲೇ ಕೂತುಬಿಡುತ್ತಾರೆ, ಇಬ್ಬರೂ ಇಲ್ಲೇ ಉಳಿಯುತ್ತೇವೆ, ಆ ಹೆಂಗಸು ಅಲ್ಲಿ ಬತ್ತಿ ಹೋಗುತ್ತಾಳೆ ಎನಿಸಿತು.

"ನಿಮ್ಮ ಪೆಟ್ಟಿಗೇಲಿ ಏನೇನಿದೆ?" ಎಂದರು.

ತೆರೆದು ತೋರಿಸಿದೆ. ವ್ಯಾಸಲೀನ್ ಡಬ್ಬಿ ಮುಟ್ಟಿ, "ಮರಳು ಮೆತ್ಕೊಳ್ತದೆ" ಎಂದು ಬಿಟ್ಟರು. ಲಿಕ್ವಿಡ್ ಪ್ಯಾರಾಫಿನ್ ಸೀಸೆಯನ್ನು ಬೆಳಕಿಗೆ ಹಿಡಿದು ಅಲ್ಲಾಡಿಸಿ, "ತೆಳು. ಊರು ಸೇರೋ ಮುಂಚೆ ಹಾರಿಹೋಗ್ತದೆ" ಎಂದರು. ಆಮೇಲೆ ಹರಳೆಣ್ಣೆಯ ಸೀಸೆ ಕೈಗೆ ಬಂತು. ಬಸುರಿ ಬಾಣಂತಿಯರಿಗೆ ಅಂತ ನಾನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದೆ. ಮುಚ್ಚಳ ತೆಗೆದು ಎರಡು ಬೆರಳ ನಡುವೆ ಒಂದು ತೊಟ್ಟು ತೀಡಿ, ಬೆರಳನ್ನು ನಿಧಾನಕ್ಕೆ ಬಿಡಿಸಿದರು. ಎಣ್ಣೆ ದಾರವಾಗಿ ಎಳೆದುಕೊಂಡಿತು.

"ಇದು ಹಿಡ್ಕೊಂತದೆ. ಇವತ್ತಿನ ಮಟ್ಟಿಗೆ ಸಾಕು."

ಗುಂಡಿಯಲ್ಲಿ ನಿಂತಿದ್ದ ತಿಳಿನೀರು ಬೊಗಸೆಯಲ್ಲಿ ಎರಚಿ ಮರಳು ತೊಳೆದರು. ನನ್ನ ಹತ್ತಿಯುಂಡೆಯಲ್ಲಿ ತೇವ ಒತ್ತಿದರು. ನಾನು ಗಾಲಿ ತಿರುಗಿಸಿದೆ, ಅವರು ತೊಟ್ಟು ಬಿಡುತ್ತಾ ಹೋದರು. ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಅರ್ಧ ತೊಟ್ಟು ನೆಲಕ್ಕೆ ಬೀಳುತ್ತಿತ್ತು. ಆದರೂ ಒಂದು ಕೊಂಡಿಯನ್ನೂ ಬಿಡಲಿಲ್ಲ. ಮುಗಿಯಿತೆಂದು ನಾನು ಪೆಟ್ಟಿಗೆ ಮುಚ್ಚಿದೆ. ಅವರು ಅಂಗಿಯ ತುದಿಯನ್ನು ಈಚೆಗೆಳೆದು ಒರೆಸಲು ಶುರುಮಾಡಿದರು.

"ಸಾಕು ಸರ್. ನಿಮ್ಮ ಕಾಲಿಗೆ ಬೀಳ್ತೀನಿ, ನಡೀರಿ."

"ಟೈರಿಗೆ ಎಣ್ಣೆ ಹೋಗಬಾರ್ದು ಸಿಸ್ಟರ್" ಎಂದರು. ಕಣ್ಣಲ್ಲಿ ನೀರಿತ್ತು. ಅಂಗಿಯಿಂದ ಒರೆಸುವ ಕೈ ಮಾತ್ರ ನಿಲ್ಲಲಿಲ್ಲ. ಚೈನಿನ ಎರಡು ತುದಿ ಸೇರಿಸುವ ಲಾಕನ್ನು ಬೆರಳಲ್ಲಿ ಒತ್ತಿ ನೋಡಿದರು. ಟೈರನ್ನು ಅಂಗೈಯಲ್ಲಿ ಸವರಿ ಕೈಯನ್ನು ನೋಡಿಕೊಂಡರು. ಆಮೇಲೆ ಹತ್ತಿದರು. ಕರಕರ ನಿಂತಿತ್ತು.

ಹಳ್ಳಿ ಸೇರಿದಾಗ ಆ ಹೆಂಗಸಿನ ಅತ್ತೆ ಬಾಗಿಲಲ್ಲೇ ಇದ್ದರು. "ಕಣ್ಣು ಬುಡ್ತಾ ಇಲ್ಲ ಕಣವ್ವ" ಎಂದರು. ಒಳಗೆ ಗೋಣಿ ತಾಟಿನ ಮೇಲೆ ಮಲಗಿಸಿದ್ದರು. ತಾಟೂ ತೊಯ್ದು, ಅದರ ಕೆಳಗಿನ ನೆಲವೂ ತೊಯ್ದಿತ್ತು. ನನಗಿಂತ ಚಿಕ್ಕವಳು. ತುಟಿ ಸುಣ್ಣ ಬಳಿದ ಹಾಗಿತ್ತು. ಇಂಜೆಕ್ಷನ್ ಕೊಟ್ಟೆ, ಹೊಟ್ಟೆ ಹಿಡಿದು ತಿಕ್ಕಿದೆ, ಕೂಸನ್ನು ಎದೆಗೆ ಹಚ್ಚಿಸಿದೆ. ಕಲಿತದ್ದೆಲ್ಲ ಮರೆತು, ಬರೀ ಕೈಗಳು ನೆನಪಿಟ್ಟುಕೊಂಡಿದ್ದನ್ನು ಮಾಡಿದೆ. ಕೊನೆಗೆ ಮಾಸು ಬಿತ್ತು. ರಕ್ತ ಕಡಿಮೆಯಾಯಿತು. ಆದರೆ ನಾಡಿ ದಾರದ ಹಾಗೆ ಸಿಕ್ಕಿ ಸಿಕ್ಕಿ ತಪ್ಪುತ್ತಿತ್ತು. ಮೈ ಮಂಜು. ರಕ್ತ ಕೊಡದಿದ್ದರೆ ಉಳಿಯುವುದಿಲ್ಲ, ರಕ್ತ ಇರುವುದು ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ.

"ಗಾಡಿ ಕಟ್ಟಿಸ್ತೀನಿ" ಎಂದ ಅವಳ ಮಾವ. ಆ ಕೆಸರಿನಲ್ಲಿ ಎತ್ತಿನ ಗಾಡಿ ಟಾರ್ ರೋಡು ಮುಟ್ಟುವುದು ಕತ್ತಲಾದ ಮೇಲೆ.

ಹೊರಗೆ ಬಂದೆ. ಇನ್‌ಸ್ಪೆಕ್ಟರು ಬೈಕನ್ನು ಆಗಲೇ ಟಾರ್ ರೋಡಿನ ಕಡೆಗೆ ತಿರುಗಿಸಿ ನಿಲ್ಲಿಸಿದ್ದರು.

"ಮೂರು ಜನ ಕೂರಬಹುದು" ಎಂದರು. ಧ್ವನಿ ಅವರದಾಗಿರಲಿಲ್ಲ. "ಭಾರಕ್ಕೆ ಚೈನು ಬಿಗೀತದೆ. ನಿಧಾನಕ್ಕೆ ಹೋಗ್ಬೇಕು. ಹರಿಯಲ್ಲ. ಹರಿಯಲ್ಲ ಅಂದ್ಕೊಂಡಿದೀನಿ."

ಕೂಸನ್ನು ಅತ್ತೆಯ ಕೈಗೆ ಕೊಟ್ಟು, ಬಾಣಂತಿಯನ್ನು ನಡುವೆ ಕೂರಿಸಿ ಒಂದು ದುಪ್ಪಟಿಯಿಂದ ಅವರ ಬೆನ್ನಿಗೆ ಕಟ್ಟಿದೆವು. ಹಿಂದೆ ನಾನು ಅವಳನ್ನು ಅಪ್ಪಿಕೊಂಡು ಕೂತೆ. ಬೆನ್ನಿಗೆ ಕಟ್ಟಿಸಿಕೊಳ್ಳುವ ಮೊದಲೇ ಅವರು ನನ್ನ ಪೆಟ್ಟಿಗೆಯಿಂದ ಬ್ಯಾಂಡೇಜು ಸುರುಳಿ ಕೇಳಿ ತೆಗೆಸಿದ್ದರು. ಹೆಂಗಸರ ಮುಖವನ್ನೂ ನೆಟ್ಟಗೆ ನೋಡದ ಮನುಷ್ಯ. ಕೆಸರಿನಲ್ಲಿ ಮೊಣಕಾಲೂರಿ, ತಲೆ ತಗ್ಗಿಸಿ, ನಮ್ಮಿಬ್ಬರ ಸೀರೆಯ ಅಂಚುಗಳನ್ನು ಕಾಲಿಗೆ ಸೇರಿಸಿ ಗಾಯಕ್ಕೆ ಕಟ್ಟುವ ಹಾಗೆ ಸುತ್ತಿ ಸುತ್ತಿ ಗಂಟು ಹಾಕಿ, ಗಂಟನ್ನು ಎಳೆದು ನೋಡಿ, ಆಮೇಲೆ ಮುಂದೆ ಹೋಗಿ ಕೂತಿದ್ದರು.

ಆ ದಾರಿಯನ್ನು ಈಗಲೂ ಕನಸಿನಲ್ಲಿ ಹೋಗುತ್ತಿರುತ್ತೇನೆ. ಅವಳ ತಲೆ ನನ್ನ ಹೆಗಲ ಮೇಲೆ ಬಿದ್ದು ಬಿದ್ದು ಏಳುತ್ತಿತ್ತು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಕಿವಿ ಅವಳ ಬಾಯಿಗೆ ಹಚ್ಚಿದರೆ ಕೇಳುತ್ತಿದ್ದದ್ದು ಇಂಜಿನ್ನು. ಹಳ್ಳದ ಹತ್ತಿರ ಊರಿನ ಗಂಡಸರು ಮೊದಲೇ ಅಡ್ಡದಾರಿಯಿಂದ ಓಡಿ ಬಂದು ನಿಂತಿದ್ದರು. ಅವಳನ್ನು ಬಿಚ್ಚಿ ಹೊತ್ತು ದಾಟಿಸಿದರು. ಇನ್‌ಸ್ಪೆಕ್ಟರು ಒಬ್ಬರೇ ಬೈಕ್ ದಾಟಿಸಿ, ಯಾರನ್ನೂ ಕೇಳದೆ ಹ್ಯಾಂಡಲಿಗೆ ಸಿಕ್ಕಿಸಿದ್ದ ನನ್ನ ಪೆಟ್ಟಿಗೆ ತೆರೆದು ಮತ್ತೆ ಹರಳೆಣ್ಣೆ ಬಿಟ್ಟು, ಮತ್ತೆ ಒರೆಸಿದರು. ಈ ಸಲ ನಾನು ಏನೂ ಹೇಳಲಿಲ್ಲ. ಅಷ್ಟರಲ್ಲಿ ಸೈಕಲ್ ತುಳಿದುಕೊಂಡು ಅಲ್ಲಿಗೆ ಬಂದು ಸೇರಿದ್ದ ಅವಳ ಗಂಡ ಹೇಳಹೋದ. ಅವನ ಕೈ ಹಿಡಿದು ಸುಮ್ಮನಾಗಿಸಿದೆ.

ಟಾರ್ ರೋಡಿಗೆ ಬಂದಾಗ ಇನ್ನೂ ಬೆಳಕಿತ್ತು. ತಿಪಟೂರು ಕಡೆಯಿಂದ ಬಂದ ಬಸ್ಸನ್ನು ಅವರು ರಸ್ತೆಯ ನಟ್ಟನಡುವೆ ನಿಂತು ಕೈಯೆತ್ತಿ ನಿಲ್ಲಿಸಿದರು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಜನ ಎದ್ದು ಉದ್ದನೆಯ ಸೀಟು ಬಿಟ್ಟುಕೊಟ್ಟರು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಬೈಕಿನ ಪಕ್ಕದಲ್ಲಿ ನೆಲದ ಮೇಲೆ ಕೂತು, ಮಂಡಿಯ ನಡುವೆ ತಲೆ ಇಟ್ಟುಕೊಂಡಿದ್ದರು.

ಅವಳು ಉಳಿದಳು. ಕೆಲವು ತಿಂಗಳ ಮೇಲೆ ಕೂಸನ್ನು ಎತ್ತಿಕೊಂಡು, ಸೀಬೆಹಣ್ಣು ಕಟ್ಟಿಕೊಂಡು ಆಸ್ಪತ್ರೆಗೆ ಬಂದಳು. ಇನ್‌ಸ್ಪೆಕ್ಟರನ್ನು ಕೇಳಿದಳು. ಅವರು ಹಿಂದಿನ ಬಾಗಿಲಿನಿಂದ ಹೊರಟು ಹೋಗಿದ್ದರು. ಯಾಕೆ ಹಾಗೆ ಮಾಡಿದಿರಿ ಎಂದು ಆಮೇಲೆ ಕೇಳಿದರೆ, "ಮುಖ ಪರಿಚಯ ಆದ್ರೆ ಮತ್ತೆ ಕರೀತಾರೆ ಸಿಸ್ಟರ್" ಎಂದರು. ತಮಾಷೆಗೆ ಹೇಳಲಿಲ್ಲ. ಬಾಣಂತಿಯನ್ನು ಬಸ್ಸು ಹತ್ತಿಸಿದ ದಿನ ಮನೆಗೆ ಬಂದು ಜ್ವರದಲ್ಲಿ ಮಲಗಿದವರು ಏಳಲು ಬಹಳ ದಿನ ಬೇಕಾಯಿತು.

ಆ ಘಟನೆಯಿಂದ ಅವರ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೆಚ್ಚಾಯಿತು. ಹರಳೆಣ್ಣೆ ಒಣಗಿದರೆ ಅಂಟಾಗುತ್ತದೆಂದು ಹೇಳಿ ಆ ಚೈನನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ಅದ್ದಿಟ್ಟು ತೊಳೆದರು. ಶನಿವಾರಕ್ಕೆ ಕಾಯದೆ ವಾರದ ನಡುವೆಯೂ ಒರೆಸಲು ಕೂರುತ್ತಿದ್ದರು. ಹಿಂದಿನ ಸೀಟು ಮೊದಲಿನ ಹಾಗೇ ಖಾಲಿ. ಅಕ್ಕ ಒಂದು ದಿನ ನನ್ನ ಹತ್ತಿರ, "ನಿಮ್ಮನ್ನ ಕೂರಿಸ್ಕೊಂಡ್ರು, ಆ ಬಾಣಂತೀನ ಕೂರಿಸ್ಕೊಂಡ್ರು. ನನ್ನ ಮಾತ್ರ ಕೂರಿಸ್ಕೊಳ್ಳಲ್ಲ" ಎಂದರು. ನಗುತ್ತಾ ಹೇಳಿದರು, ಆದರೆ ನಗು ಕೊನೆಯವರೆಗೆ ನಿಲ್ಲಲಿಲ್ಲ.

ಆಮೇಲೆ ಅವರಿಗೆ ಕುಣಿಗಲ್ಲಿಗೆ ವರ್ಗವಾಯಿತು. ನಾನು ತುಮಕೂರಿಗೆ ಬಂದೆ. ಎಂಬತ್ತರ ದಶಕದಲ್ಲಿ ಒಮ್ಮೆ ಕುಣಿಗಲ್ಲಿನಲ್ಲಿ ನಮಗೆ ತರಬೇತಿ ಇಟ್ಟಿದ್ದರು. ಸಂಜೆ ಬಸ್ಸಿಗೆ ಹೊತ್ತಿತ್ತು ಎಂದು ಕೆರೆ ಏರಿಯ ಕಡೆ ನಡೆದೆ. ಎದುರಿಗೆ ಒಂದು ಬೈಕ್ ಬರುತ್ತಿತ್ತು. ಸದ್ದಿರಲಿಲ್ಲ. ಹತ್ತಿರ ಬಂದಾಗ ನೋಡಿದರೆ ಇನ್‌ಸ್ಪೆಕ್ಟರು ಅದನ್ನು ತಳ್ಳಿಕೊಂಡು ಬರುತ್ತಿದ್ದಾರೆ. ತಲೆಯೆಲ್ಲ ನರೆತಿತ್ತು. ಹಿಂದಿನ ಸೀಟಿನ ಮೇಲೆ ಅಕ್ಕ, ರಾಣಿಯ ಹಾಗೆ.

"ಏನ್ ಸರ್ ಇದು?" ಎಂದೆ.

"ವಾಕಿಂಗು" ಎಂದರು ಅವರು, ಮೂಗಿನ ಮೇಲಿನ ಬೆವರು ಒರೆಸುತ್ತಾ.

"ಡಾಕ್ಟ್ರು ಇವರಿಗೆ ನಡೀರಿ ಅಂದವ್ರೆ ಸಿಸ್ಟರ್. ನನ್ನ ಕೈಲಿ ಜೊತೇಲಿ ನಡಿಯೋಕಾಗಲ್ಲ. ಅದಕ್ಕೇ ಹಿಂಗೆ" ಎಂದರು ಅಕ್ಕ. ನನ್ನನ್ನು ಕಂಡು ಅವರ ಮುಖ ಅರಳಿತ್ತು. ಊರ ಸಮಾಚಾರ, ಮಕ್ಕಳ ಸಮಾಚಾರ ಎಲ್ಲ ಕೇಳಿದರು. ಆಮೇಲೆ ಗಂಡನ ಹೆಗಲು ತಟ್ಟಿ, "ದಿನಾ ಹೇಳ್ತೀನಿ, ಒಂದು ಸಲ ಸ್ಟಾರ್ಟ್ ಮಾಡಿ ಅಂತ. ಈ ಏರಿ ಮೇಲೆ ಯಾವ ತಿರುವಿದೆ? ಇವತ್ತು ಸಿಸ್ಟರ್ ಎದುರಿಗೆ ಹೇಳ್ತಿದೀನಿ. ಸ್ಟಾರ್ಟ್ ಮಾಡಿ" ಎಂದರು.

ಅವರು ನನ್ನನ್ನು ನೋಡಿದರು. ಬೇಡ ಎಂದು ನಾನೇ ಹೇಳಲಿ ಎನ್ನುವ ಹಾಗಿತ್ತು ಆ ನೋಟ. ನಾನು ಹೇಳಲಿಲ್ಲ. ಅವರು ಸ್ಟ್ಯಾಂಡ್ ಹಾಕಿ ಬಗ್ಗಿ ಚೈನನ್ನು ಬೆರಳಲ್ಲಿ ಎತ್ತಿ ನೋಡಿದರು. ಟೈರು ಸವರಿದರು. ಅಕ್ಕನ ಸೀರೆಯ ಅಂಚನ್ನು ಮೇಲಕ್ಕೆ ಸೇರಿಸಿದರು. ಹತ್ತಿ ಕೂತರು. ಕಿಕ್ ಮಾಡಿದರು.

ಇಂಜಿನ್ನು ಒಂದೇ ಸಲಕ್ಕೆ ಹತ್ತಿತು. ಬೈಕ್ ಇನ್ನೂ ಗೇಣುದ್ದ ಕದಲಿರಲಿಲ್ಲ.

ನಾನು ಅವರ ಮುಖವನ್ನೇ ನೋಡುತ್ತಿದ್ದವಳು ಯಾಕೋ ಅಕ್ಕನ ಕಡೆ ತಿರುಗಿದೆ. ಮುಖದಲ್ಲಿ ರಕ್ತವೇ ಇರಲಿಲ್ಲ. ಎರಡೂ ಕೈಯಲ್ಲಿ ಗಂಡನ ಅಂಗಿಯನ್ನು ಹಿಡಿ ಹಿಡಿಯಾಗಿ ಹಿಡಿದುಕೊಂಡಿದ್ದರು. ಆ ಸೊಟ್ಟ ಕಾಲು ತಾನೇ ತಾನಾಗಿ ಮೇಲಕ್ಕೆ ಮಡಿಚಿಕೊಂಡು ನಡುಗುತ್ತಿತ್ತು. ಇಷ್ಟು ವರ್ಷ ತಮಗೇ ಗೊತ್ತಿರದ ಯಾವುದೋ ಒಂದು ಒಳಗಿನಿಂದ ಎದ್ದು ಬಂದ ಹಾಗೆ ಕಣ್ಣು ಅಗಲವಾಗಿತ್ತು.

"ರೀ" ಎಂದರು. "ಆಫ್ ಮಾಡಿ."

ಅವರು ತಕ್ಷಣ ಆಫ್ ಮಾಡಿದರು.

ಕೆರೆಯ ನೀರು ಕಲ್ಲಿಗೆ ತಾಗುವುದು ಕೇಳುತ್ತಿತ್ತು. ಅವರು ಕೆಳಗಿಳಿದರು. ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡಲಿಲ್ಲ. ನನ್ನ ಕಡೆಗೇ ನೋಡುತ್ತಾ, "ಪೆಟ್ರೋಲ್ ಕಮ್ಮಿ ಇದೆ ಸಿಸ್ಟರ್. ಇವತ್ತು ಬೇಡ" ಎಂದರು.

"ಹೌದು" ಎಂದರು ಅಕ್ಕ ಸ್ವಲ್ಪ ತಡೆದು. "ನಾಳೆ ಹಾಕ್ಸಿ."

ಅವರು ಸ್ಟ್ಯಾಂಡ್ ತೆಗೆದು, ಹ್ಯಾಂಡಲ್ ಹಿಡಿದು, ಭಾರಕ್ಕೆ ಮುಂದೆ ಬಾಗಿ, ಏರಿಯ ಮೇಲೆ ತಳ್ಳಿಕೊಂಡು ಹೊರಟರು.